ಹಳೆಯ ಟ್ರಯಂಫ್‌ಗೆ ಮರುಜೀವ: ಬಣ್ಣ ಆಮೇಲೆ, ಎಣ್ಣೆಯ ದಾರಿ ಮೊದಲು

ಹಳೆಯ ಬ್ರಿಟಿಷ್ ಬೈಕನ್ನು ಮನೆಯ ಗ್ಯಾರೇಜಿನಲ್ಲೇ ಸರಿಪಡಿಸಲು ಹೊರಟವರಲ್ಲಿ ಅನೇಕರು ಟ್ಯಾಂಕಿನ ಬಣ್ಣ, ಕ್ರೋಮ್ ಹೊಳಪಿನಿಂದ ಶುರು ಮಾಡುತ್ತಾರೆ. ಕೆಲಸ ಹಾಳಾಗುವುದು ಅಲ್ಲೇ. ಹೊರಗೆ ಎಷ್ಟೇ ಫಳಫಳಿಸಿದರೂ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನೊಳಗೆ ದಶಕಗಳ ಕೆಸರು ಉಳಿದಿದ್ದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಜಾಗ) ಬೇರಿಂಗ್ ಹೆಚ್ಚು ದೂರ ಬಾಳುವುದಿಲ್ಲ. ಎಣ್ಣೆ ಹರಿಯುವ ದಾರಿ ಮೊದಲು, ವಿದ್ಯುತ್ ಆಮೇಲೆ, ಬಣ್ಣ ಕೊನೆಗೆ ಎಂಬ ಕ್ರಮ ಇಟ್ಟುಕೊಂಡರೆ ದುಡ್ಡೂ ಉಳಿಯುತ್ತದೆ, ಬೈಕೂ ಓಡುತ್ತದೆ.

ಇಲ್ಲಿನ ಅಳತೆಗಳು 1963ರಿಂದ 1970ರವರೆಗೆ ಮೆರಿಡೆನ್ ಕಾರ್ಖಾನೆಯಲ್ಲಿ ತಯಾರಾದ ಟ್ರಯಂಫ್ 650 ಸಿಸಿ ಜೋಡಿ ಸಿಲಿಂಡರ್ ಬೈಕುಗಳಿಗೆ, ಮುಖ್ಯವಾಗಿ ಟಿ120 ಬಾನ್‌ವಿಲ್‌ಗೆ ಸಂಬಂಧಿಸಿದವು. ಬಿಎಸ್‌ಎ, ನಾರ್ಟನ್‌ಗಳಿಗೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ಅಳತೆಗಳು ಮಾತ್ರ ಬೇರೆ. ನಿಮ್ಮ ಬೈಕಿನ ವರ್ಷಕ್ಕೆ ಸೇರಿದ ವರ್ಕ್‌ಶಾಪ್ ಮ್ಯಾನ್ಯುಯಲ್ ಮತ್ತು ಬಿಡಿಭಾಗಗಳ ಪುಸ್ತಕ ಕೈಯಲ್ಲಿರುವವರೆಗೆ ಒಂದು ನಟ್ಟನ್ನೂ ಮುಟ್ಟಬೇಡಿ.

ಪಾನಾ ಸರಿಯಿದ್ದರೆ ಅರ್ಧ ಕೆಲಸ

ಈ ಬೈಕುಗಳಿಗೆ ಮಿಲಿಮೀಟರ್ ಪಾನಾಗಳು ಹೊಂದುವುದಿಲ್ಲ. ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಇಂಚಿನ ಅಳತೆಯ ಸೆಟ್ ಬೇಕೇ ಬೇಕು. 1/4 ವಿಟ್‌ವರ್ತ್ ಪಾನಾದ ಬಾಯಿ ಸುಮಾರು 13.3 ಮಿ.ಮೀ. ಇರುತ್ತದೆ. ಅದೇ ಬೋಲ್ಟಿಗೆ 13ರ ಪಾನಾ ಕೂರುವುದಿಲ್ಲ, 14ರದು ಕೂತು ಜಾರಿ ಮೂಲೆಗಳನ್ನು ಉರುಟು ಮಾಡುತ್ತದೆ. ಥ್ರೆಡ್ಡಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ಸೈಕಲ್ ಥ್ರೆಡ್ಡಿಗೆ ಇಂಚಿಗೆ 26 ಸುತ್ತು; 5/16 ಮತ್ತು 3/8 ಇಂಚಿನ ಯುಎನ್‌ಎಫ್ ಎಂಬ ಹೊಸ ಮಾದರಿಯ ಥ್ರೆಡ್ಡಿಗೆ 24. ಅರವತ್ತರ ದಶಕದ ಕೊನೆಯಲ್ಲಿ ಕಾರ್ಖಾನೆ ಹಂತಹಂತವಾಗಿ ಹೊಸ ಥ್ರೆಡ್ಡಿಗೆ ಬದಲಾದ ಕಾರಣ ಒಂದೇ ಬೈಕಿನಲ್ಲಿ ಎರಡೂ ಸಿಗಬಹುದು. ತಪ್ಪು ನಟ್ಟು ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲೇ ನಿಲ್ಲಿಸಬೇಕು. ಜೋರು ಹಾಕಿದರೆ ಅಲ್ಯೂಮಿನಿಯಂ ಕವಚದ ಥ್ರೆಡ್ಡು ಕಿತ್ತು ಬರುತ್ತದೆ. ಹಾಗಾಗಿ ಥ್ರೆಡ್ ಗೇಜನ್ನು ಮೊದಲ ದಿನವೇ ಕೊಳ್ಳಿ.

ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆಯಿರಿ: ಕೇಬಲ್ ಯಾವ ಕಡೆಯಿಂದ ಬಂದಿದೆ, ವಾಷರ್ ಯಾವ ಬದಿಗೆ ಇತ್ತು, ವೈರು ಎಲ್ಲಿ ಕಟ್ಟಲಾಗಿತ್ತು ಎಂಬುದೆಲ್ಲ ಕಾಣಬೇಕು. ಒಂದೊಂದು ಜಾಗದ ನಟ್ಟುಬೋಲ್ಟುಗಳನ್ನು ಒಂದೊಂದು ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಚಕ್ರದ ಕಡ್ಡಿ ಬಿಚ್ಚುವ ಮೊದಲು ಹಬ್ಬಿನ ಅಂಚಿನಿಂದ ರಿಮ್ಮಿನ ಅಂಚಿಗೆ ಇರುವ ಅಂತರವನ್ನು ಅಳೆದು ಬರೆದಿಡಿ; ಮತ್ತೆ ಕಡ್ಡಿ ಕಟ್ಟುವಾಗ ಚಕ್ರವನ್ನು ನಡುವಿಗೆ ತರಲು ಬೇರೆ ಆಧಾರವಿರುವುದಿಲ್ಲ. ಹಳೆಯ ಬ್ರೇಕ್ ಶೂ, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ.

ಎಡಬದಿಯ ಪ್ರೈಮರಿ ಕವಚ ತೆಗೆದಾಗ ಸಿಗುವ ಕ್ಲಚ್ಚಿನ ಹಬ್ ಗೇರ್‌ಬಾಕ್ಸ್ ಶಾಫ್ಟಿನ ಟೇಪರ್ ಮೇಲೆ ಕಚ್ಚಿಕೊಂಡಿರುತ್ತದೆ. ಅದಕ್ಕೆಂದೇ ಇರುವ ಎಕ್ಸ್‌ಟ್ರಾಕ್ಟರನ್ನು ಥ್ರೆಡ್ಡಿನ ತುದಿಯವರೆಗೆ ತಿರುಗಿಸಿ ಎಳೆಯಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕವಚ ಸೀಳುತ್ತದೆ. ಹಬ್ ಹೊರಬರುವಾಗ 20 ಪುಟ್ಟ ರೋಲರುಗಳು ಉದುರುತ್ತವೆ. ಕೆಳಗೆ ತಟ್ಟೆ ಇಡಿ.

ಕ್ರ್ಯಾಂಕಿನೊಳಗಿನ ಕೆಸರು

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಈ ಎಂಜಿನ್ನುಗಳಲ್ಲಿ ನುಣ್ಣನೆಯ ಎಣ್ಣೆ ಫಿಲ್ಟರ್ ಇಲ್ಲ, ಇರುವುದು ಜಾಲರಿ ಮಾತ್ರ. ಅದರ ಬದಲು ಕ್ರ್ಯಾಂಕಿನೊಳಗೆ ಒಂದು ಕೊಳವೆ ಇಟ್ಟಿದ್ದಾರೆ. ಕ್ರ್ಯಾಂಕ್ ತಿರುಗುವ ವೇಗಕ್ಕೆ ಭಾರದ ಕಶ್ಮಲ ಕೊಳವೆಯ ಹೊರಗೋಡೆಗೆ ಒತ್ತಿಕೊಂಡು, ಶುದ್ಧ ಎಣ್ಣೆ ಬಿಗ್ ಎಂಡ್ ಕಡೆಗೆ ಹೋಗುತ್ತದೆ. ಕೊಳವೆ ತುಂಬಿದ ಮೇಲೆ ಎಣ್ಣೆಗೆ ದಾರಿ ಮುಚ್ಚಿ ಬೇರಿಂಗ್ ಒಣಗುತ್ತದೆ. ಸಿಲಿಂಡರ್ ಮಾತ್ರ ಬೋರ್ ಮಾಡಿಸಿ ಕೆಳಗಿನ ಅರ್ಧವನ್ನು ಬಿಚ್ಚದೆ ಬಿಟ್ಟವರ ಎಂಜಿನ್ ಕೆಡುವುದು ಬಹಳ ಸಲ ಇದೇ ಕಾರಣಕ್ಕೆ.

ಕೊಳವೆಯ ಬಾಯಿಗೆ ಸೀಳುಳ್ಳ ಥ್ರೆಡ್ ಪ್ಲಗ್ ಇರುತ್ತದೆ. ಅದು ತಿರುಗದಿರಲೆಂದು ಪಕ್ಕದ ಲೋಹವನ್ನು ಚಾಣದಿಂದ ಕುಟ್ಟಿ ಒಳಕ್ಕೆ ತಳ್ಳಿರುತ್ತಾರೆ. ಮೊದಲು ಆ ಗುರುತನ್ನು ಸಣ್ಣ ಡ್ರಿಲ್ಲಿನಿಂದ ಕೆರೆದು ತೆಗೆಯಿರಿ, ಸುತ್ತ ಬಿಸಿ ಮಾಡಿ, ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಪ್ಲಗ್ ಬಂದ ಕೂಡಲೇ ಕೊಳವೆಯನ್ನು ಎಳೆಯಬೇಡಿ. ಬಿಗ್ ಎಂಡ್ ಪಕ್ಕದ ಫ್ಲೈವೀಲ್ ಬೋಲ್ಟಿನ ತುದಿ ಕೊಳವೆಯ ತೂತಿನೊಳಗೆ ಹೊಕ್ಕು ಅದನ್ನು ಹಿಡಿದಿರುತ್ತದೆ. ಆ ಬೋಲ್ಟನ್ನು ಬಿಚ್ಚದೆ ಎಳೆದರೆ ಕೊಳವೆ ಹರಿಯುತ್ತದೆ. ಹೊರಬಂದ ಕೊಳವೆಯ ಒಳಗೆ ಸಾಮಾನ್ಯವಾಗಿ ಕಾಣುವುದು ಮೇಣದಷ್ಟು ಗಟ್ಟಿಯಾದ ಕಪ್ಪು ಕೆಸರು. ಉಗುರಿನಿಂದ ಗೀರಿದರೆ ಲೋಹದ ಪುಡಿ ಮಿನುಗುತ್ತದೆ. ಕ್ರ್ಯಾಂಕಿನ ಎಲ್ಲ ತೂತುಗಳಿಗೂ ಸೀಮೆಎಣ್ಣೆ ಹಾಯಿಸಿ, ಬ್ರಶ್ ಆಡಿಸಿ, ಗಾಳಿ ಊದಿ. ಮತ್ತೆ ಕೂರಿಸುವಾಗ ಕೊಳವೆಯ ತೂತು ಬೋಲ್ಟಿನ ತೂತಿಗೆ ಎದುರಾಗಿ ನಿಲ್ಲಬೇಕು. ಬೋಲ್ಟಿಗೂ ಪ್ಲಗ್ಗಿಗೂ ಥ್ರೆಡ್ ಲಾಕ್ ಹಚ್ಚಿ, ಪ್ಲಗ್ಗನ್ನು ಮತ್ತೆ ಕುಟ್ಟಿ ಭದ್ರಪಡಿಸಿ.

ಕ್ರ್ಯಾಂಕ್ ಪಿನ್ನನ್ನು ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಅಂಡಾಕಾರಕ್ಕೆ ತಿರುಗಿದ್ದರೆ 10 ಥೌ, ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ 10 ಭಾಗ, ಕಡಿಮೆ ಗಾತ್ರಕ್ಕೆ ಉಜ್ಜಿಸಿ ಅದೇ ಗಾತ್ರದ ಬೇರಿಂಗ್ ಶೆಲ್ ಹಾಕಬೇಕು. ಸಿಲಿಂಡರಿನ ಮೂಲ ಬೋರ್ 71 ಮಿ.ಮೀ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಿ, ಏಕೆಂದರೆ ಬಿಡಬೇಕಾದ ಸಡಿಲ ಪಿಸ್ಟನ್ನಿನಿಂದ ಪಿಸ್ಟನ್ನಿಗೆ ಬದಲಾಗುತ್ತದೆ. ರಿಂಗನ್ನು ಬೋರಿನೊಳಗೆ ನೇರವಾಗಿ ತಳ್ಳಿ ಬಾಯಿಯ ಅಂತರ ನೋಡಿ: 10ರಿಂದ 14 ಥೌ ಇರಬೇಕು. ಕಡಿಮೆಯಿದ್ದರೆ ಬಿಸಿಗೆ ತುದಿಗಳು ತಾಗಿ ರಿಂಗ್ ಮುರಿಯುತ್ತದೆ.

ಎಣ್ಣೆ ಪಂಪನ್ನು ಬಿಚ್ಚಿ ಅದರ ಗುಂಡುಗಳೂ ಅವು ಕೂರುವ ಜಾಗವೂ ಚೊಕ್ಕವಾಗಿವೆಯೇ ನೋಡಿ. ಅಲ್ಲಿ ಕಸದ ಕಣವೊಂದು ಸಿಕ್ಕಿಕೊಂಡರೆ, ನಿಲ್ಲಿಸಿದ ಬೈಕಿನ ಎಣ್ಣೆ ಟ್ಯಾಂಕಿನಲ್ಲಿರುವ ಎಣ್ಣೆ ನಿಧಾನವಾಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಮರುದಿನ ಸ್ಟಾರ್ಟ್ ಮಾಡಿದಾಗ ದಟ್ಟ ಹೊಗೆ ಬರುವುದು ಇದರಿಂದ. ರಿಂಗ್ ಹೋಗಿದೆ ಎಂದು ಗಾಬರಿಯಾಗಬೇಕಿಲ್ಲ.

ಕ್ರ್ಯಾಂಕಿನಿಂದ ಕ್ಯಾಮ್ ಶಾಫ್ಟುಗಳನ್ನು ತಿರುಗಿಸುವ ಟೈಮಿಂಗ್ ಗೇರುಗಳನ್ನು ಗುರುತಿಗೆ ಗುರುತು ಹೊಂದಿಸಿ ಕೂರಿಸಿದ ಮೇಲೆ ಎಂಜಿನ್ ತಿರುಗಿಸಿದರೆ ಆ ಗುರುತುಗಳು ಮತ್ತೆ ಬೇಗ ಎದುರಾಗುವುದಿಲ್ಲ. ಹಲವು ಹತ್ತು ಸುತ್ತುಗಳಿಗೊಮ್ಮೆ ಮಾತ್ರ ಸೇರುತ್ತವೆ. ತಪ್ಪಾಯಿತೆಂದು ಬಿಚ್ಚಬೇಡಿ.

ಎಣ್ಣೆ ಸೋರದಿರಲು

ಬ್ರಿಟಿಷ್ ಬೈಕ್ ಎಂದರೆ ಸೋರಲೇಬೇಕು ಎಂಬ ಮಾತನ್ನು ನಂಬಬೇಡಿ. ಕವಚದ ಮುಖಗಳನ್ನು ದಪ್ಪ ಗಾಜಿನ ಮೇಲಿಟ್ಟ ನುಣುಪು ಎಮರಿ ಕಾಗದದ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಮಾಡಿ. ತಾಮ್ರದ ಹೆಡ್ ಗ್ಯಾಸ್ಕೆಟನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಹೆಚ್ಚು ಸೋರುವುದು ವಾಲ್ವ್ ತೆರೆಯಿಸುವ ಪುಶ್‌ರಾಡ್ ಕಡ್ಡಿಗಳ ಕೊಳವೆಗಳ ರಬ್ಬರಿನ ಹತ್ತಿರ. ರಬ್ಬರ್ ತೆಳುವಾದರೆ ಎಣ್ಣೆ ಜಿನುಗುತ್ತದೆ. ತೀರಾ ದಪ್ಪವಾದರೆ ಹೆಡ್ ಗ್ಯಾಸ್ಕೆಟಿನ ಮೇಲೆ ಪೂರ್ತಿ ಕೂರದೆ ಗ್ಯಾಸ್ಕೆಟ್ಟೇ ಸುಟ್ಟುಹೋಗುತ್ತದೆ. ಹೆಡ್ಡನ್ನು ಸುಮ್ಮನೆ ಮೇಲಿಟ್ಟಾಗ ರಬ್ಬರಿನಿಂದಾಗಿ ಉಳಿಯುವ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. 30ರಿಂದ 40 ಥೌ ಸರಿಯಾದ ಒತ್ತು.

ವಿದ್ಯುತ್, ಟೈಮಿಂಗ್, ಕಾರ್ಬುರೇಟರ್

ಈ ಬೈಕುಗಳಲ್ಲಿ ಬ್ಯಾಟರಿಯ ಧನ ತುದಿ ಫ್ರೇಮಿಗೆ ಹೋಗುತ್ತದೆ. ಅಭ್ಯಾಸಬಲದಿಂದ ಋಣ ತುದಿಯನ್ನು ಫ್ರೇಮಿಗೆ ಕೊಟ್ಟರೆ, ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಸುಡುತ್ತದೆ. ಲೂಕಸ್ ವೈರಿಂಗಿನಲ್ಲಿ ಕೆಂಪು ವೈರು ಅರ್ತ್. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಅದರ ಮೂಲಕ ಕರೆಂಟ್ ಹಾಯುವುದಿಲ್ಲ. ಪ್ರತಿ ದೀಪಕ್ಕೂ, ಎಂಜಿನ್ ಹೆಡ್ಡಿಗೂ ಪ್ರತ್ಯೇಕ ಕೆಂಪು ವೈರು ಎಳೆಯಿರಿ.

ಕಿಡಿಯ ಸಮಯ ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಅಂತರ 15 ಥೌ, ಸ್ಪಾರ್ಕ್ ಪ್ಲಗ್ಗಿನದು 25 ಥೌ. ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ಅಡ್ವಾನ್ಸ್ ಪೂರ್ತಿ ತೆರೆದಾಗ ಕಿಡಿ ಪಿಸ್ಟನ್ ಮೇಲ್ತುದಿ ತಲುಪುವುದಕ್ಕೆ 38 ಡಿಗ್ರಿ ಮುನ್ನ ಹಾರಬೇಕು. ಎರಡೂ ಸಿಲಿಂಡರನ್ನು ಬೇರೆಬೇರೆಯಾಗಿ ಸ್ಟ್ರೋಬ್ ಲೈಟಿನಲ್ಲಿ ನೋಡಿ. ಒಂದು ಮುಂದಿದ್ದರೆ ಆ ಪಿಸ್ಟನ್ನಿನ ತಲೆ ತೂತಾಗಬಹುದು. ಟಿ120ಗೆ ಟ್ಯಾಪೆಟ್ ಸಡಿಲ (ವಾಲ್ವ್ ತುದಿಯಲ್ಲಿ ಬಿಡುವ ಸಂದು) ತಣ್ಣಗಿರುವಾಗ ಇನ್ಲೆಟ್ 2 ಥೌ, ಎಕ್ಸಾಸ್ಟ್ 4 ಥೌ.

ಅಮಲ್ ಕಾನ್ಸೆಂಟ್ರಿಕ್ ಕಾರ್ಬುರೇಟರಿನ ಐಡ್ಲಿಂಗ್ ನಿಲ್ಲದಿದ್ದರೆ ಪೈಲಟ್ ಸ್ಕ್ರೂ ಹಿಂದಿನ ಕಿರುದಾರಿ ಕಟ್ಟಿರುತ್ತದೆ. 0.4 ಮಿ.ಮೀ. ಡ್ರಿಲ್ ತುಂಡನ್ನು ಬೆರಳಿನಲ್ಲೇ ತಿರುಗಿಸಿ ಬಿಡಿಸಿ. ಕಾರ್ಬುರೇಟರ್ ನಟ್ಟುಗಳನ್ನು ಅತಿಯಾಗಿ ಬಿಗಿದರೆ ಅದರ ಮುಖ ಬಾಗಿ ಸ್ಲೈಡ್ ಸಿಕ್ಕಿಕೊಳ್ಳುತ್ತದೆ.

ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೆ ವಾಷಿಂಗ್ ಸೋಡಾ ನೀರು ತುಂಬಿ, ನಡುವೆ ಕಬ್ಬಿಣದ ಸರಳು ಟ್ಯಾಂಕಿಗೆ ತಾಗದಂತೆ ಇಳಿಬಿಡಿ. 12 ವೋಲ್ಟ್ ಚಾರ್ಜರಿನ ಋಣ ತುದಿ ಟ್ಯಾಂಕಿಗೆ, ಧನ ತುದಿ ಸರಳಿಗೆ. ಸ್ಟೇನ್‌ಲೆಸ್ ಸರಳು ಬೇಡವೇ ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಈ ಕೆಲಸ ಬಯಲಲ್ಲೇ ಆಗಲಿ, ಹತ್ತಿರ ಬೆಂಕಿ ಬೇಡ. ಪೆಟ್ರೋಲಿನ ವಾಸನೆ ಪೂರ್ತಿ ಹೋಗುವಂತೆ ಮೊದಲೇ ತೊಳೆದಿರಬೇಕು.

ಮೊದಲ ಸ್ಟಾರ್ಟ್

ಎಣ್ಣೆ ಟ್ಯಾಂಕ್ ತುಂಬಿ, ಸ್ಪಾರ್ಕ್ ಪ್ಲಗ್ ತೆಗೆದು, ಟ್ಯಾಂಕಿನೊಳಗಿನ ರಿಟರ್ನ್ ಕೊಳವೆಯಲ್ಲಿ ಎಣ್ಣೆ ಬರುವವರೆಗೆ ಕಿಕ್ ಹೊಡೆಯಿರಿ. ಬರದಿದ್ದರೆ ಸ್ಟಾರ್ಟ್ ಮಾಡಬೇಡಿ, ಪಂಪಿನ ಗ್ಯಾಸ್ಕೆಟ್ ನೋಡಿ. ಎಂಜಿನ್ ಹೊತ್ತಿದ ಮೇಲೆ ಐಡ್ಲಿಂಗಿನಲ್ಲಿ ಬಿಡದೆ ಒಂದೂವರೆ, ಎರಡು ಸಾವಿರ ಆರ್‌ಪಿಎಂನಲ್ಲಿ ಕೆಲವೇ ನಿಮಿಷ ಓಡಿಸಿ, ನಿಲ್ಲಿಸಿ. ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟುಗಳನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಮತ್ತೆ ಬಿಗಿದು, ಟ್ಯಾಪೆಟ್ ಸಡಿಲವನ್ನು ಇನ್ನೊಮ್ಮೆ ಅಳೆಯಿರಿ; ಗ್ಯಾಸ್ಕೆಟ್ ಕುಳಿತಷ್ಟು ಅದು ಬದಲಾಗಿರುತ್ತದೆ.