ಜರ್ಮನಿಗೆ ಓದಲು ಹೊರಟವರಿಗೆ: ಮನೆ ಅಡ್ವಾನ್ಸ್ ಮೂರು ಕಂತಿನಲ್ಲಿ ಕೊಡಿ
ಜರ್ಮನಿಯಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್ ಪೂರ್ತಿ ಒಂದೇ ಸಲ ಕೊಡಬೇಕಿಲ್ಲ. ಮೂರು ಸಮ ಕಂತಿನಲ್ಲಿ ಕಟ್ಟಬಹುದು: ಮೊದಲನೆಯದು ಬಾಡಿಗೆ ಶುರುವಾಗುವಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆ ಜೊತೆ. ಅಲ್ಲಿನ ಸಿವಿಲ್ ಕಾಯ್ದೆಯ 551ನೇ ಸೆಕ್ಷನ್ನೇ ಈ ಹಕ್ಕು ಕೊಟ್ಟಿದೆ. ಬಾಡಿಗೆ ಅಗ್ರಿಮೆಂಟಿನಲ್ಲಿ 'ಕೌತ್ಸಿಯೋನ್' ಅಂತ ಬರೆದಿರುತ್ತದಲ್ವಾ, ಅದೇ ಈ ಅಡ್ವಾನ್ಸ್. ಹೀಟಿಂಗ್, ನೀರಿನ ಖರ್ಚು ಬಿಟ್ಟು ಮೂರು ತಿಂಗಳ ಬಾಡಿಗೆಯವರೆಗೂ ಮನೆ ಮಾಲೀಕರು ಅಡ್ವಾನ್ಸ್ ಕೇಳಬಹುದು. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿನಲ್ಲಿ (ವಿದ್ಯಾರ್ಥಿ ವೀಸಾಕ್ಕಾಗಿ ಖರ್ಚಿನ ದುಡ್ಡು ಮೊದಲೇ ಇಡುವ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು, ಆದರೆ ಕೈಗೆ ಬರುವುದು ತಿಂಗಳಿಗೆ 992 ಮಾತ್ರ. ಹಾಗಾಗಿ ಕಂತು ತುಂಬಾ ಅನುಕೂಲ. ಆದರೆ ಅಗ್ರಿಮೆಂಟಿನ ಸಹಿಗೆ ಮೊದಲೇ ಈ ಮಾತೆತ್ತಿದರೆ ಮನೆ ಬೇರೆಯವರ ಪಾಲಾಗಬಹುದು. ಸಹಿ ಆದ ಮೇಲೆ ಹೇಳಿ. ಮೊದಲ ತಿಂಗಳ ಬಾಡಿಗೆಗೆ ಕಂತು ಇಲ್ಲ, ಅದಕ್ಕೆ ಊರಿನಿಂದಲೇ ಬೇರೆ ದುಡ್ಡು ಒಯ್ಯಿರಿ.