ಹಿತ್ತಾಳೆ ಹಾರ್ನ್ ಬಿಟ್ಟು ಕಪ್ಪು ಪೆಟ್ಟಿಗೆ ಹಿಡಿದ ಕಥೆ

ನನ್ನ ಮೊದಲ ಗ್ರಾಮಫೋನ್ ಕೊಂಡದ್ದು ಮೈಸೂರಿನ ಒಂದು ಅಂಗಡಿಯಲ್ಲಿ. ಹೂವಿನ ಹಾಗೆ ಅರಳಿದ ಹಿತ್ತಾಳೆ ಹಾರ್ನ್, ನಾಯಿ ಚಿತ್ರದ ಫಲಕ. ನೂರು ವರ್ಷ ಹಳೇದು ಅಂದರು, ನಂಬಿದೆ. ಮನೆಗೆ ತಂದು ಬಿಚ್ಚಿದೆ. ಒಳಗೆಲ್ಲ ಹೊಸ ಮರ, ಮೇಲೆ ಕಪ್ಪು ಪಾಲಿಶ್. ಸ್ಕ್ರೂಗಳ ತಲೆಯಲ್ಲಿ ಪ್ಲಸ್ ಗುರುತು. ಅಂಥ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ನೂರು ವರ್ಷದ ಯಂತ್ರದಲ್ಲಿ ಅದು ಇರೋಕೆ ಆಗಲ್ಲ, ಅಲ್ವಾ?

ಅದರಲ್ಲಿ ನಿಜವಾಗಿ ಹಳೆಯದಾಗಿದ್ದು ಮೋಟಾರು ಒಂದೇ. ದುಡ್ಡು ಹೋದದ್ದಕ್ಕಿಂತ ಅದು ಜಾಸ್ತಿ ನೋವು ಕೊಟ್ಟಿತು. ಇಂಥ ನಕಲಿಗಳಿಗೆ ಮೋಟಾರು ಬರುವುದು ಹೆಚ್ಚಾಗಿ ಹಳೆಯ ಸೂಟ್‌ಕೇಸ್ ಗ್ರಾಮಫೋನುಗಳಿಂದ. ಅಂದರೆ ನನ್ನ ಹಾರ್ನಿಗಾಗಿ ಯಾವುದೋ ಒಳ್ಳೆ ಪೆಟ್ಟಿಗೆ ಹಾಳಾಗಿತ್ತು. ಆಮೇಲೆ ನಾನು ಅಂಥ ಪೆಟ್ಟಿಗೆಗಳನ್ನೇ ಹುಡುಕತೊಡಗಿದೆ.

ಪಾಂಡವಪುರದ ಹತ್ತಿರದ ಹಳ್ಳಿಯೊಂದರಲ್ಲಿ, ನೆಂಟರ ಮನೆ ಅಟ್ಟದ ಮೇಲೆ ಒಂದು ಸಿಕ್ಕಿತು. ಎಚ್‌ಎಂವಿ ಕಂಪನಿಯ 102. ಈ ಮಾದರಿ ಶುರುವಾದದ್ದು 1931ರಲ್ಲಿ. ಹೊರಗೆ ಹಾರ್ನ್ ಇಲ್ಲ. ಹಾರ್ನನ್ನೇ ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದಾರೆ. ಕೀ ಕೊಟ್ಟರೆ ತಟ್ಟೆ ಅಲುಗಲಿಲ್ಲ. ಒಳಗಿನ ಗ್ರೀಸು ಆಲೆಮನೆಯ ಕೊಪ್ಪರಿಗೆಗೆ ಅಂಟಿದ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಗೇರುಗಳನ್ನೂ ವೇಗ ಹಿಡಿದಿಡುವ ಗವರ್ನರನ್ನೂ ತೊಳೆದೆ, ತೆಳು ಎಣ್ಣೆ ಬಿಟ್ಟೆ. ಸ್ಪ್ರಿಂಗ್ ಇರುವ ಡಬ್ಬಿಯನ್ನು ಮಾತ್ರ ನಾನು ಮುಟ್ಟಲಿಲ್ಲ, ತಿಳಿದವರ ಕೈಗೆ ಕೊಟ್ಟೆ. ಅದು ಚಿಮ್ಮಿದರೆ ಕೈ ಸೀಳುತ್ತೆ.

ಇನ್ನು ಸೌಂಡ್‌ಬಾಕ್ಸ್, ಅಂದರೆ ಮುಳ್ಳಿನ ಅದುರನ್ನು ದನಿಯಾಗಿಸುವ ದುಂಡು ಡಬ್ಬಿ. ಒಳಗಿನ ತೆಳು ಅಲ್ಯೂಮಿನಿಯಂ ಹಾಳೆಯ ಎರಡೂ ಕಡೆ ರಬ್ಬರ್ ಬಳೆ ಇರುತ್ತೆ. ನನ್ನದರಲ್ಲಿ ಅದು ಕಲ್ಲಾಗಿತ್ತು. ಉಗುರಲ್ಲಿ ಒತ್ತಿದರೆ ಪುಡಿ ಉದುರಿತು. ಹಾಡು ಗರಗರ ಅನ್ನೋದು ಇದರಿಂದಲೇ. ಎಷ್ಟೋ ಜನ ಹಾಡಿನ ಪ್ಲೇಟೇ ಹಾಳಾಗಿದೆ ಅಂದುಕೊಂಡು ಎಸೆದುಬಿಡುತ್ತಾರೆ. ಮೆತ್ತನೆ ರಬ್ಬರ್ ಹಾಕಿದ ಮೇಲೆ ದನಿ ತಿಳಿಯಾಯಿತು.

ವೇಗ ನೋಡೋಕೆ ಪ್ಲೇಟಿನ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ, ಗಡಿಯಾರ ನೋಡುತ್ತಾ ಎಣಿಸಿದೆ. ನಿಮಿಷಕ್ಕೆ 78 ಸುತ್ತು ಬರಬೇಕು. ಮೊದಲು 71 ಬಂತು. ವೇಗದ ಕಡ್ಡಿ ಸ್ವಲ್ಪ ಸ್ವಲ್ಪವೇ ಸರಿಸಿ ಸರಿ ಮಾಡಿದೆ.

ಉಕ್ಕಿನ ಮುಳ್ಳಿನ ವಿಷಯದಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ. ಪ್ಲೇಟಿನ ಒಂದು ಮುಖಕ್ಕೆ ಒಂದು ಮುಳ್ಳು. ಅರಗಿನ ಪ್ಲೇಟಿನಲ್ಲಿ ಕಲ್ಲಿನ ಪುಡಿ ಬೆರೆತಿರುತ್ತೆ, ಅದು ಮುಳ್ಳನ್ನು ಸವೆಸುತ್ತೆ. ಸವೆದ ಮುಳ್ಳನ್ನೇ ಮತ್ತೆ ಇಟ್ಟರೆ ಅದು ಗೀರನ್ನು ಕೊರೆಯುತ್ತೆ. ಆಮೇಲೆ ಬಂದ ಮೆತ್ತನೆ ವಿನೈಲ್ ಪ್ಲೇಟು ಎಲ್‌ಪಿಯನ್ನಂತೂ ಇದರ ಮೇಲೆ ಇಡಲೇಬೇಡಿ. ಒಂದೇ ಸಲಕ್ಕೆ ಹಾಳು.

ಈಗ ನಾನು ಹುಡುಕುತ್ತಿರುವುದು ಪ್ಲೇಟುಗಳನ್ನು. ನಮ್ಮ ಜಯಚಾಮರಾಜೇಂದ್ರ ಒಡೆಯರ್ 1940ರ ದಶಕದಲ್ಲಿ ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು ತಮ್ಮ ಖರ್ಚಿನಲ್ಲಿ ಎಚ್‌ಎಂವಿಯಲ್ಲಿ ರೆಕಾರ್ಡ್ ಮಾಡಿಸಿದರು. ಅದರಲ್ಲಿ ಒಂದು ಪ್ಲೇಟು ಸಿಕ್ಕರೂ ಸಾಕು, ಅದಕ್ಕೆಂದೇ ಹೊಸ ಮುಳ್ಳುಗಳ ಒಂದು ಡಬ್ಬಿ ತೆಗೆದಿಟ್ಟಿದ್ದೇನೆ.