ಬೇರೆ ದೇಶದ ಮಗುವನ್ನು ದತ್ತು ಪಡೆಯುವುದು ಹೇಗೆ?

ಬೇರೆ ದೇಶದಿಂದ ಮಗುವನ್ನು ದತ್ತು ತರಬೇಕು ಎಂದುಕೊಂಡ ದಂಪತಿ ನಮ್ಮನ್ನು ಮೊದಲು ಕೇಳುವುದು, ಎಷ್ಟು ಕಾಲ ಹಿಡಿಯುತ್ತದೆ ಎಂದು. ಆಮೇಲೆ, ಎಷ್ಟು ಖರ್ಚಾಗುತ್ತದೆ ಎಂದು. ಎರಡೂ ಸಹಜವೇ. ಆದರೆ ಹೀಗೆ ದತ್ತು ತಂದ ಮಗಳು ನಮ್ಮ ಮನೆ ಸೇರಿ ವರ್ಷಗಳಾದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಪ್ರತಿ ಹೆಜ್ಜೆಯಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇದರಿಂದ ಮಗುವಿಗೆ ಏನಾಗುತ್ತದೆ? ಅರ್ಜಿ ತುಂಬುವಾಗಲೂ ಇದನ್ನೇ ಕೇಳಿಕೊಳ್ಳಿ. ಕೆಳಗಿನ ಹೆಜ್ಜೆಗಳನ್ನು ನಾನು ಮಗುವಿನ ಕಡೆ ನಿಂತು ಬರೆದಿದ್ದೇನೆ.

1. ಯಾವ ದೇಶ, ಯಾವ ಕಾನೂನು

ಇಲ್ಲಿ ಎಲ್ಲಕ್ಕೂ ಬುನಾದಿ 1993ರ ಹೇಗ್ ದತ್ತು ಒಪ್ಪಂದ. 1995ರಿಂದ ಜಾರಿಯಲ್ಲಿದೆ, ನೂರಕ್ಕೂ ಹೆಚ್ಚು ದೇಶಗಳು ಸೇರಿಕೊಂಡಿವೆ. ಅದು ಹೇಳುವುದು ಇಷ್ಟು: ಮಗು ಸಾಧ್ಯವಾದರೆ ಹೆತ್ತವರ ಹತ್ತಿರವೇ ಇರಬೇಕು. ಅದು ಆಗದಿದ್ದರೆ ಅದರ ದೇಶದಲ್ಲೇ ಒಂದು ಮನೆ ಸಿಗುತ್ತದೆಯೇ ಎಂದು ನೋಡಬೇಕು. ಅದೂ ಆಗದು ಎಂದು ಖಚಿತವಾದ ಮೇಲೆಯೇ ಹೊರದೇಶದ ಮಾತು. ತಾಯಿಯ ಒಪ್ಪಿಗೆ ಬೇಕಾದಲ್ಲಿ ಅದನ್ನು ಹೆರಿಗೆಯಾದ ಮೇಲೆಯೇ ಪಡೆಯಬೇಕು. ಆ ಒಪ್ಪಿಗೆಗೆ ದುಡ್ಡು ಕೊಟ್ಟಿರಬಾರದು.

ಒಪ್ಪಂದ ಮಾಡಿಕೊಂಡ ಪ್ರತಿ ದೇಶದಲ್ಲೂ ಇದಕ್ಕಾಗಿ ಒಂದು ಕೇಂದ್ರ ಪ್ರಾಧಿಕಾರ ಇರುತ್ತದೆ. ನೀವು ಮೊದಲು ಹೋಗಬೇಕಾದ್ದು ನೀವು ವಾಸವಿರುವ ದೇಶದ ಪ್ರಾಧಿಕಾರದ ಹತ್ತಿರ. ನೇರವಾಗಿ ಮಗುವಿರುವ ದೇಶಕ್ಕೆ ಹೋಗಿ ಅನಾಥಾಲಯಗಳ ಬಾಗಿಲು ತಟ್ಟಬೇಡಿ.

ಯಾವ ದೇಶ ಈಗ ಮಕ್ಕಳನ್ನು ಹೊರಗೆ ಕಳಿಸುತ್ತಿದೆ ಎಂಬುದನ್ನು ಆಗಾಗ ಹೊಸದಾಗಿ ವಿಚಾರಿಸಿ. 2004ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 45 ಸಾವಿರದಷ್ಟು ಮಕ್ಕಳು ಹೀಗೆ ದೇಶ ದಾಟುತ್ತಿದ್ದರು. ಅಲ್ಲಿಂದ ಈ ಸಂಖ್ಯೆ ಇಳಿಯುತ್ತಲೇ ಬಂದಿದೆ. ಮಕ್ಕಳನ್ನು ಕದ್ದು, ಕೊಂಡು ದತ್ತು ಕೊಡುತ್ತಿದ್ದ ದಂಧೆ ಬಯಲಾದ ಮೇಲೆ ಗ್ವಾಟೆಮಾಲಾ 2008ರಲ್ಲಿ ಹೊಸ ಅರ್ಜಿಗಳನ್ನು ನಿಲ್ಲಿಸಿತು. ಇಥಿಯೋಪಿಯಾ 2018ರಲ್ಲಿ ಬಾಗಿಲು ಹಾಕಿತು. 2024ರಲ್ಲಿ ಚೀನಾ, ಹತ್ತಿರದ ಸಂಬಂಧಿಕರನ್ನು ಬಿಟ್ಟು ಬೇರೆ ಯಾರಿಗೂ ಮಕ್ಕಳನ್ನು ಕೊಡುವುದಿಲ್ಲ ಎಂದಿತು. ಮಗುವಿನ ಫೋಟೊ ಕೈಗೆ ಬಂದು, ಕರೆತರುವ ದಿನಕ್ಕಾಗಿ ಕಾಯುತ್ತಿದ್ದ ಕುಟುಂಬಗಳು ಅರ್ಧ ದಾರಿಯಲ್ಲಿ ನಿಂತವು. ಆ ಮಕ್ಕಳನ್ನು ನೆನೆದರೆ ಈಗಲೂ ಕರುಳು ಹಿಂಡಿದಂತಾಗುತ್ತದೆ. ಇಂಥದ್ದು ನಿಮಗೂ ಆಗಬಹುದು ಎಂದು ತಿಳಿದೇ ಹೊರಡಿ.

2. ಏಜೆನ್ಸಿ ಆರಿಸುವಾಗ

ಎರಡು ದೇಶಗಳ ನಡುವೆ ದತ್ತಿನ ಕೆಲಸ ನಡೆಸಿಕೊಡುವ ಏಜೆನ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಅವರ ಬಾಯಿಂದ ಕೇಳಿ ಸುಮ್ಮನಾಗಬೇಡಿ, ಎರಡೂ ದೇಶಗಳ ಪ್ರಾಧಿಕಾರಗಳಲ್ಲಿ ವಿಚಾರಿಸಿ. ಶುಲ್ಕದ ಪಟ್ಟಿ ಬರಹದಲ್ಲಿ ಇರಲಿ. ‘ಅಲ್ಲಿಗೆ ಹೋದಾಗ ಇಷ್ಟು ನಗದು ಕೊಡಬೇಕಾಗುತ್ತೆ’ ಎಂದರೆ ಎದ್ದು ಬನ್ನಿ. ‘ಚಿಕ್ಕ, ಆರೋಗ್ಯವಾಗಿರುವ ಮಗು ಬೇಗ ಕೊಡಿಸುತ್ತೇವೆ’ ಎಂದರೂ ಎದ್ದು ಬನ್ನಿ. ಹೊರದೇಶದಲ್ಲಿ ಮನೆಗಾಗಿ ಕಾಯುತ್ತಿರುವವರಲ್ಲಿ ಹಸುಗೂಸುಗಳು ಕಡಿಮೆ. ಸ್ವಲ್ಪ ದೊಡ್ಡವರು, ಒಟ್ಟಿಗೇ ಇರಬೇಕಾದ ಅಣ್ಣ ತಂಗಿಯರು, ಚಿಕಿತ್ಸೆ ಬೇಕಿರುವವರು, ಇಂಥವರೇ ಜಾಸ್ತಿ. ನೀವು ಒಪ್ಪಿಕೊಳ್ಳಲು ತಯಾರಿರುವ ಮಗು ಯಾವುದು ಎಂದು ಗಂಡ ಹೆಂಡತಿ ಕೂತು ಬಿಚ್ಚುಮನಸ್ಸಿನಿಂದ ಮಾತಾಡಬೇಕಾದ್ದು ಈಗಲೇ.

ಇನ್ನೊಂದು ಎಚ್ಚರಿಕೆ. ಎಲ್ಲೋ ಭೂಕಂಪವಾಯಿತು, ಯುದ್ಧವಾಯಿತು ಎಂದು ಟಿ.ವಿ.ಯಲ್ಲಿ ನೋಡಿ ‘ಅಲ್ಲಿಂದ ಒಂದು ಮಗು ತರೋಣ’ ಎನಿಸುವುದು ಒಳ್ಳೆ ಮನಸ್ಸೇ. ಆದರೆ ಅಂಥ ಹೊತ್ತಿನಲ್ಲಿ ಒಂಟಿಯಾಗಿ ಸಿಕ್ಕ ಮಗು ಅನಾಥ ಎಂದು ಯಾರೂ ಹೇಳಲಾಗದು. 2010ರ ಹೈಟಿ ಭೂಕಂಪದ ಬೆನ್ನಲ್ಲೇ ಅಮೆರಿಕದ ಒಂದು ಗುಂಪು 33 ಮಕ್ಕಳನ್ನು ಗಡಿ ದಾಟಿಸಲು ಹೋಗಿ ಸಿಕ್ಕಿಬಿತ್ತು. ಆ ಮಕ್ಕಳಲ್ಲಿ ಬಹುಪಾಲಿನವರ ಅಪ್ಪ ಅಮ್ಮ ಬದುಕಿದ್ದರು. ಅನಾಥಾಲಯದಲ್ಲಿರುವ ಮಕ್ಕಳ ವಿಷಯದಲ್ಲೂ ಇದೇ ಮಾತು. ಎಷ್ಟೋ ಮಕ್ಕಳಿಗೆ ತಾಯಿ ಇರುತ್ತಾಳೆ, ಸಾಕುವ ಶಕ್ತಿ ಇರುವುದಿಲ್ಲ. ಅಂಥ ಕಡೆ ತಾಯಿಗೆ ನೆರವಾಗುವುದೇ ಮಗುವಿಗೆ ಒಳ್ಳೆಯದು.

3. ಹೋಮ್ ಸ್ಟಡಿ, ಕಾಗದಪತ್ರ

ಸಮಾಜ ಕಾರ್ಯಕರ್ತರು ಮನೆಗೆ ಬಂದು ನಿಮ್ಮ ಆದಾಯ, ಆರೋಗ್ಯ, ಮದುವೆ, ಬಾಲ್ಯ, ಮನೆಯಲ್ಲಿರುವ ಇತರರು, ಎಲ್ಲವನ್ನೂ ಕೇಳಿ ವರದಿ ಬರೆಯುತ್ತಾರೆ. ಇದು ಪರೀಕ್ಷೆ ಎಂದು ಮನೆ ಮಿರಮಿರ ಮಿಂಚಿಸುವುದು ಬೇಡ. ‘ಈ ಮಗು ನಿಮ್ಮನ್ನು ವರ್ಷವಾದರೂ ಹತ್ತಿರ ಸೇರಿಸದಿದ್ದರೆ ಏನು ಮಾಡುತ್ತೀರಿ?’ ಎಂದು ನಮ್ಮನ್ನು ಕೇಳಿದ್ದರು. ಅದಕ್ಕೆ ಉತ್ತರ ಹುಡುಕುತ್ತಾ ನಾವಿಬ್ಬರೂ ಎಷ್ಟೋ ರಾತ್ರಿ ಮಾತಾಡಿದೆವು. ಆ ಮಾತುಕತೆ ಆಮೇಲೆ ನಿಜಕ್ಕೂ ಕೆಲಸಕ್ಕೆ ಬಂತು.

ಮನೆಯಲ್ಲಿ ಆಗಲೇ ಮಗುವಿದ್ದರೆ ಅದನ್ನೂ ತಯಾರು ಮಾಡಿ. ‘ನಿನ್ನ ಜೊತೆ ಆಡೋಕೆ ತಂಗಿ ಬರ್ತಾಳೆ’ ಎಂದಷ್ಟೇ ಹೇಳಬೇಡಿ. ‘ಮೊದಮೊದಲು ಅವಳು ಜಾಸ್ತಿ ಅಳಬಹುದು, ನಿನ್ನ ಸಾಮಾನು ಕಿತ್ತುಕೊಳ್ಳಬಹುದು, ಅಮ್ಮ ಅವಳ ಹತ್ತಿರವೇ ಜಾಸ್ತಿ ಹೊತ್ತು ಇರಬೇಕಾಗುತ್ತೆ’ ಎಂದೂ ಹೇಳಿ.

ಕಾಗದಗಳ ವಿಷಯ ಬೇಗ ಮುಗಿಸುತ್ತೇನೆ. ಜನನ, ಮದುವೆ, ಪೊಲೀಸ್, ವೈದ್ಯಕೀಯ, ಆದಾಯ ಪ್ರಮಾಣಪತ್ರಗಳಿಗೆ ನೋಟರಿ, ಅಪೊಸ್ಟಿಲ್ (ಬೇರೆ ದೇಶ ಒಪ್ಪುವಂಥ ಸರ್ಕಾರಿ ದೃಢೀಕರಣ), ಅನುವಾದ ಬೇಕಾಗುತ್ತವೆ. ಕೆಲವಕ್ಕೆ ಅವಧಿ ಇರುತ್ತದೆ. ಯಾವುದು ಯಾವಾಗ ಮುಗಿಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

4. ಮಗುವಿನ ಫೈಲ್ ಬಂದಾಗ

ಒಂದು ದಿನ ಫೋಟೊ, ಆರೋಗ್ಯ ವರದಿ, ಕೆಲವೊಮ್ಮೆ ಒಂದು ವಿಡಿಯೊ ಬರುತ್ತದೆ. ಫೋಟೊ ನೋಡಿದ ಕ್ಷಣವೇ ಮನಸ್ಸು ಒಪ್ಪಿಬಿಡುತ್ತದೆ. ಆದರೂ ಹೂಂ ಎನ್ನುವ ಮುಂಚೆ ಫೈಲನ್ನು ದತ್ತು ಮಕ್ಕಳನ್ನು ನೋಡಿ ಗೊತ್ತಿರುವ ಮಕ್ಕಳ ವೈದ್ಯರಿಗೆ ತೋರಿಸಿ. ಅವರು ಮೊದಲು ನೋಡುವುದು ತೂಕ, ಎತ್ತರ, ತಲೆಯ ಸುತ್ತಳತೆ ಕಾಲಕಾಲಕ್ಕೆ ಹೇಗೆ ಬದಲಾಗಿವೆ ಎಂಬುದನ್ನು. ವಿಡಿಯೊದಲ್ಲಿ ಮಗು ಎರಡೂ ಕೈ ಬಳಸುತ್ತಿದೆಯೇ, ಸದ್ದಿಗೆ ತಿರುಗುತ್ತದೆಯೇ, ಎತ್ತಿಕೊಂಡವರ ಮುಖ ನೋಡುತ್ತದೆಯೇ ಎಂದು ಗಮನಿಸುತ್ತಾರೆ. ಸಂಸ್ಥೆಯಲ್ಲಿ ಬೆಳೆದ ಮಕ್ಕಳು ಗಿಡ್ಡವಾಗಿರುವುದು ಸಾಮಾನ್ಯ. ಅಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಎತ್ತರ ಸುಮಾರು ಒಂದು ತಿಂಗಳಷ್ಟು ಹಿಂದೆ ಬೀಳುತ್ತದೆ ಎನ್ನುವುದು ವೈದ್ಯರ ಲೆಕ್ಕ. ಮನೆಯ ಊಟ, ಮನೆಯವರ ಅಕ್ಕರೆ ಸಿಕ್ಕ ಮೇಲೆ ಬಹಳ ಮಕ್ಕಳು ಭರಭರನೆ ಬೆಳೆಯುತ್ತಾರೆ.

ಮನಸ್ಸಿಗಾದ ಪೆಟ್ಟು ಅಷ್ಟು ಬೇಗ ಮಾಯುವುದಿಲ್ಲ. ರೊಮೇನಿಯಾದಲ್ಲಿ 1989ರ ಕೊನೆಗೆ ಸರ್ವಾಧಿಕಾರ ಬಿದ್ದ ಮೇಲೆ ಅಲ್ಲಿನ ಅನಾಥಾಲಯಗಳ ಮಕ್ಕಳು ಬ್ರಿಟನ್ನಿನ ಮನೆಗಳಿಗೆ ಬಂದರು. ಮನೋವೈದ್ಯ ಮೈಕೆಲ್ ರಟರ್ ಮತ್ತು ಅವರ ತಂಡ ಈ ಮಕ್ಕಳು ದೊಡ್ಡವರಾಗುವವರೆಗೂ ಬೆನ್ನು ಬಿಡದೆ ಅಧ್ಯಯನ ಮಾಡಿತು. ಆರು ತಿಂಗಳ ಒಳಗೆ ಅಲ್ಲಿಂದ ಹೊರಬಂದವರು ಬಹುಮಟ್ಟಿಗೆ ಉಳಿದ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಜಾಸ್ತಿ ಕಾಲ ಅಲ್ಲಿದ್ದ ಹಲವರಿಗೆ ಗಮನ ನಿಲ್ಲಿಸುವುದು, ಬೇರೆಯವರೊಂದಿಗೆ ಬೆರೆಯುವುದು ದೊಡ್ಡವರಾದ ಮೇಲೂ ಕಷ್ಟವಾಗಿಯೇ ಉಳಿಯಿತು. ಆದರೆ ಅವರಲ್ಲೂ ಐದರಲ್ಲಿ ಒಬ್ಬರಷ್ಟು ಮಂದಿ ಯಾವ ತೊಂದರೆಯೂ ಇಲ್ಲದೆ ಬೆಳೆದರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ಪ್ರೀತಿ ಕೊಟ್ಟರೆ ಎಲ್ಲಾ ಸರಿಹೋಗುತ್ತೆ’ ಎಂಬ ಮಾತನ್ನು ನಂಬಿ ಕೂರಬೇಡಿ ಎನ್ನುವುದಕ್ಕೆ ಹೇಳುತ್ತಿದ್ದೇನೆ. ಪ್ರೀತಿಯ ಜೊತೆಗೆ ಥೆರಪಿಸ್ಟ್, ಶಾಲೆಯಲ್ಲಿ ಸಹಾಯ, ಮತ್ತು ಬಹಳ ತಾಳ್ಮೆ ಬೇಕಾಗಬಹುದು.

ನಿಮ್ಮ ಕೈಲಿ ಆಗದು ಎನಿಸಿದರೆ ಇಲ್ಲ ಎನ್ನಿ. ಈಗ ಇಲ್ಲ ಎನ್ನುವುದು ಮಗುವಿಗೆ ಮಾಡುವ ಅನ್ಯಾಯವಲ್ಲ. ಮನೆಗೆ ಕರೆತಂದು ಕೈಬಿಡುವುದು ಅನ್ಯಾಯ.

5. ಮೊದಲ ಭೇಟಿ

ಅಲ್ಲಿಗೆ ಹೋದಾಗ ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ. ನೀವು ಅದನ್ನು ನೋಡಿಕೊಂಡ ಆಯಾಳ ಹತ್ತಿರ ಕೂತು ಮಾತಾಡಿ. ದುಭಾಷಿಗೆ ಮೊದಲೇ ಪ್ರಶ್ನೆಗಳ ಪಟ್ಟಿ ಕೊಟ್ಟಿರಿ. ಮಗುವನ್ನು ಏನೆಂದು ಕರೆಯುತ್ತೀರಿ? ಹೇಗೆ ಮಲಗಿಸುತ್ತೀರಿ, ಬೆನ್ನು ತಟ್ಟುತ್ತೀರಾ, ಹಾಡುತ್ತೀರಾ? ದೀಪ ಇರುತ್ತದೆಯೇ? ಯಾವುದಕ್ಕೆ ಹೆದರುತ್ತದೆ? ಅತ್ತಾಗ ಯಾರ ಹತ್ತಿರ ಓಡುತ್ತದೆ? ಅವಳ ಮಲಗಿಸುವ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಗು ಮಲಗುತ್ತಿದ್ದ ಮಂಚ, ಕಿಟಕಿ, ಆಡುತ್ತಿದ್ದ ಅಂಗಳ, ಜೊತೆಯ ಮಕ್ಕಳು, ಆಯಾ, ಎಲ್ಲದರ ಫೋಟೊ ಬೇಕು, ಅಲ್ಲಿಯವರು ಒಪ್ಪಿದರೆ.

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಹೊರಡುವಾಗ ಹೊಸ ಬಟ್ಟೆ ತೊಡಿಸಿದೆವು, ಹಳೆಯ ಅಂಗಿಯನ್ನು ಒಗೆಯದೆ ಕವರಿನಲ್ಲಿ ಇಟ್ಟುಕೊಂಡೆವು. ಹೀಗೆ ಮಾಡಿ ಎಂದು ಹೇಳಿದ್ದು ಹಿಂದೆ ದತ್ತು ಪಡೆದಿದ್ದ ಒಬ್ಬ ತಾಯಿ. ಹೊಸ ಮನೆಯಲ್ಲಿ ರಾತ್ರಿ ಯಾರು ಎತ್ತಿಕೊಂಡರೂ ಅವಳ ಅಳು ನಿಲ್ಲುತ್ತಿರಲಿಲ್ಲ. ಆ ಅಂಗಿ ಕೈಗೆ ಕೊಟ್ಟರೆ ಅದರ ತೋಳನ್ನು ಮೂಗಿಗೆ ಒತ್ತಿಕೊಂಡು, ಬಿಕ್ಕುತ್ತಾ ಬಿಕ್ಕುತ್ತಾ ನಿದ್ದೆ ಹೋಗುತ್ತಿದ್ದಳು. ಅವಳ ಪಾಲಿಗೆ ಹಳೆಯ ಮನೆಯದು ಅಂತ ಉಳಿದಿದ್ದು ಆ ವಾಸನೆ ಒಂದೇ.

ಮಗು ನಿಮ್ಮ ಹತ್ತಿರ ಬಂದ ದಿನ ನಿಮಗೆ ಹಬ್ಬ. ಮಗುವಿಗೆ ಅದು ಗೊತ್ತಿದ್ದ ಎಲ್ಲರನ್ನೂ ಒಂದೇ ಸಲ ಕಳೆದುಕೊಂಡ ದಿನ. ಬಲೂನು, ಕ್ಯಾಮೆರಾ, ವಿಮಾನ ನಿಲ್ದಾಣದಲ್ಲಿ ನೆಂಟರ ಗುಂಪು, ಯಾವುದೂ ಬೇಡ.

6. ಮನೆಗೆ ಬಂದ ಮೊದಲ ತಿಂಗಳುಗಳು

ಮನೆ ಸೇರಿದ ಮೊದಲ ವಾರಗಳಲ್ಲೇ ಪೂರ್ತಿ ವೈದ್ಯಕೀಯ ತಪಾಸಣೆ ಮಾಡಿಸಿ: ರಕ್ತಹೀನತೆ, ಕ್ಷಯ, ಹೆಪಟೈಟಿಸ್, ಎಚ್‌ಐವಿ, ಹೊಟ್ಟೆಯ ಜಂತು, ಕಣ್ಣು, ಕಿವಿ. ಕ್ಷಯ, ಹೆಪಟೈಟಿಸ್‌ನಂಥ ಕೆಲವು ಪರೀಕ್ಷೆಗಳನ್ನು ಕೆಲವು ತಿಂಗಳ ಬಳಿಕ ಮತ್ತೆ ಮಾಡಬೇಕಾಗುತ್ತದೆ. ಲಸಿಕೆಯ ದಾಖಲೆ ನಂಬುವಂತಿಲ್ಲದಿದ್ದರೆ ವೈದ್ಯರು ಲಸಿಕೆಗಳನ್ನೇ ಮತ್ತೆ ಹಾಕಬಹುದು.

ಮಿಕ್ಕ ಹೊತ್ತು ಮನೆಯಲ್ಲೇ ಇರಿ. ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು, ಇಷ್ಟನ್ನೂ ಮೊದಮೊದಲು ಅಪ್ಪ ಅಮ್ಮನೇ ಮಾಡಲಿ. ಅಜ್ಜಿ ತಾತನಿಗೆ ಇದು ಬೇಜಾರು ತರಿಸುತ್ತದೆ, ಅಲ್ವಾ? ಅವರನ್ನು ಮೊದಲೇ ಕೂರಿಸಿ ವಿವರಿಸಿ. ಆಯಾಗಳು ಬದಲಾಗುತ್ತಲೇ ಇದ್ದ ಕಡೆ ಬೆಳೆದ ಮಗುವಿಗೆ, ಯಾವ ಇಬ್ಬರು ಬಿಟ್ಟುಹೋಗುವವರಲ್ಲ ಎಂದು ತಿಳಿಯಲು ಇದೊಂದೇ ದಾರಿ. ಕಂಡ ಕಂಡವರ ತೊಡೆ ಏರಿ ಕೂರುವ ಮಗುವನ್ನು ‘ಎಷ್ಟು ಬೇಗ ಹೊಂದಿಕೊಂಡಿತು!’ ಎಂದು ಜನ ಹೊಗಳುತ್ತಾರೆ. ಅದು ಹೊಂದಿಕೊಂಡ ಗುರುತಲ್ಲ, ತನ್ನವರು ಯಾರು ಎಂದು ಇನ್ನೂ ತಿಳಿಯದ ಗುರುತು.

ನಮ್ಮ ಮಗಳು ಬ್ರೆಡ್ಡಿನ ತುಂಡುಗಳನ್ನು ದಿಂಬಿನ ಕೆಳಗೆ, ಕಾಲುಚೀಲದ ಒಳಗೆ ಬಚ್ಚಿಡುತ್ತಿದ್ದಳು. ಬೈಯುವ ಬದಲು ಅವಳ ಕೈಗೆಟುಕುವ ಕಡೆ ಒಂದು ಡಬ್ಬಿ ಇಟ್ಟೆವು. ಅದರಲ್ಲಿ ಯಾವಾಗಲೂ ತಿನ್ನಲು ಏನಾದರೂ ಇರುತ್ತದೆ, ಯಾರನ್ನೂ ಕೇಳಬೇಕಿಲ್ಲ ಎಂದೆವು. ಅವಳು ರಾತ್ರಿ ಎದ್ದು ಬಂದು ಡಬ್ಬಿ ತೆಗೆದು ನೋಡಿ, ಮುಚ್ಚಿ, ಮತ್ತೆ ಮಲಗುತ್ತಿದ್ದಳು. ಬಹಳ ದಿನ ಹೀಗೇ ನಡೆಯಿತು. ತಿನ್ನುವುದಕ್ಕಿಂತ ಅದು ಅಲ್ಲಿದೆ ಎಂಬುದೇ ಅವಳಿಗೆ ಮುಖ್ಯವಾಗಿತ್ತು. ದಿಂಬಿನ ಕೆಳಗಿನ ಬ್ರೆಡ್ಡು ಆಮೇಲೆ ತಾನಾಗಿ ನಿಂತಿತು.

ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವ ಹಟ ಬೇಡ. ಸಾಲು ಮಂಚಗಳ ನಡುವೆ ಮಲಗಿ ಅಭ್ಯಾಸವಾದ ಮಗುವಿಗೆ ನಿಶ್ಶಬ್ದವಾದ ಕೋಣೆಯೇ ಭಯ.

7. ಪೌರತ್ವದ ಕೆಲಸ ಮುಗಿಸಿ

ದತ್ತು ಆದೇಶ ಸಿಕ್ಕಿತು, ವೀಸಾ ಬಂತು ಎಂದು ಇಲ್ಲಿಗೇ ನಿಲ್ಲಿಸುವವರಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ. ಹೇಗ್ ಒಪ್ಪಂದದ ಪ್ರಕಾರ ನಡೆದ ದತ್ತಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ, ಒಪ್ಪಂದದ ಉಳಿದ ದೇಶಗಳು ಆ ದತ್ತನ್ನು ಮಾನ್ಯ ಮಾಡುತ್ತವೆ. ಆದರೆ ಪೌರತ್ವ ತಾನಾಗಿ ಬರುತ್ತದೆಯೇ ಎಂಬುದು ನಿಮ್ಮ ದೇಶದ ಕಾನೂನಿನ ಮೇಲೆ ನಿಂತಿದೆ. ಅಮೆರಿಕದಲ್ಲಿ ಚಿಕ್ಕಂದಿನಲ್ಲೇ ದತ್ತು ಬಂದು, ಅಪ್ಪ ಅಮ್ಮ ಪೌರತ್ವದ ಅರ್ಜಿ ಹಾಕದೆ ಬಿಟ್ಟಿದ್ದರಿಂದ ದೊಡ್ಡವರಾದ ಮೇಲೂ ಪೌರರಲ್ಲದೆ ಉಳಿದವರು ಬಹಳ. ಅಲ್ಲಿ 2001ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನು ಆ ದಿನ 18 ತುಂಬದವರಿಗೆ ಮಾತ್ರ ಅನುಕೂಲ ಮಾಡಿತು. ಅದಕ್ಕಿಂತ ದೊಡ್ಡವರಲ್ಲಿ ಕೆಲವರನ್ನು, ಭಾಷೆಯೂ ಗೊತ್ತಿಲ್ಲದ ಹುಟ್ಟಿದ ದೇಶಕ್ಕೆ ಗಡೀಪಾರು ಮಾಡಿದ್ದೂ ಉಂಟು.

ಹುಟ್ಟಿದ ದೇಶ ಕೇಳುವ ವರದಿಗಳನ್ನೂ ಹೊತ್ತಿಗೆ ಸರಿಯಾಗಿ ಕಳಿಸಿ. ಮಗು ಹೇಗಿದೆ ಎಂದು ತಿಳಿಯುವ ಹಕ್ಕು ಅವರಿಗಿದೆ. ಅಲ್ಲಿ ಇನ್ನೂ ಕಾಯುತ್ತಿರುವ ಮಕ್ಕಳ ದಾರಿಯೂ ಈ ನಂಬಿಕೆಯ ಮೇಲೇ ನಿಂತಿದೆ.

8. ಹುಟ್ಟಿದ ಭಾಷೆ, ಹುಟ್ಟಿದ ಮನೆ

ಚಿಕ್ಕ ಮಕ್ಕಳು ಹಳೆಯ ಭಾಷೆಯನ್ನು ಕೆಲವೇ ತಿಂಗಳಲ್ಲಿ ಮರೆತುಬಿಡುತ್ತಾರೆ. ಆದರೂ ಅದು ಪೂರ್ತಿ ಅಳಿಸಿಹೋಗುವುದಿಲ್ಲ. ಚೀನಾದಿಂದ ಮೂರು ವರ್ಷದೊಳಗೆ ದತ್ತು ಬಂದು, ಆಮೇಲೆ ಫ್ರೆಂಚ್ ಮಾತ್ರ ಆಡಿ ಬೆಳೆದ ಕೆನಡಾದ ಹುಡುಗಿಯರ ಮೇಲೆ ಒಂದು ಅಧ್ಯಯನ ನಡೆದು 2014ರಲ್ಲಿ ಪ್ರಕಟವಾಯಿತು. ಚೀನೀ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ, ಅವರ ಮಿದುಳು ಆ ಭಾಷೆ ಬಲ್ಲವರ ಮಿದುಳಿನಂತೆಯೇ ಸ್ಪಂದಿಸಿತು. ಅವರಿಗೆ ಒಂದು ಪದದ ಅರ್ಥವೂ ಗೊತ್ತಿರಲಿಲ್ಲ! ಹಾಗಾಗಿ ಆ ಭಾಷೆಯ ಹಾಡು, ಕಥೆ ಮನೆಯಲ್ಲಿ ಕೇಳಿಸುತ್ತಿರಲಿ. ನೀವೂ ಕೆಲವು ಮಾತು ಕಲಿಯಿರಿ. ನೀರು, ನೋವು, ಹಸಿವು, ಇಲ್ಲೇ ಇದ್ದೇನೆ, ಹೆದರಬೇಡ. ಮೊದಲ ವಾರ ಇವಿಷ್ಟೇ ಬೇಕಾಗುವುದು. ಮಗುವಿನ ಹೆಸರನ್ನು ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದನ್ನೂ ಜೊತೆಗೆ ಉಳಿಸಿ.

ದತ್ತು ಎಂಬುದನ್ನು ‘ದೊಡ್ಡವಳಾದ ಮೇಲೆ ಹೇಳೋಣ’ ಎಂದು ಬಚ್ಚಿಡಬೇಡಿ. ಮೊದಲಿನಿಂದಲೂ ಅದು ಮನೆಯ ಮಾಮೂಲಿ ಮಾತಾಗಿರಲಿ. ‘ನನ್ನನ್ನು ಹೆತ್ತವಳು ಯಾಕೆ ಬಿಟ್ಟಳು?’ ಎಂದು ಕೇಳುವ ದಿನ ಬಂದೇ ಬರುತ್ತದೆ. ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದ್ದಕ್ಕೆ ಚೆಂದದ ಕಥೆ ಕಟ್ಟಬೇಡಿ, ಆ ತಾಯಿಯನ್ನು ಕೆಟ್ಟವಳನ್ನಾಗಿಯೂ ಮಾಡಬೇಡಿ.

ಮಗುವಿನ ಮೂಲದ ಮಾಹಿತಿಯನ್ನು ಕಾಪಾಡಬೇಕು ಎಂದು ಹೇಗ್ ಒಪ್ಪಂದವೇ ದೇಶಗಳಿಗೆ ಹೇಳುತ್ತದೆ. ಆದರೂ ಎಲ್ಲವನ್ನೂ ಕಚೇರಿಗಳಿಗೆ ಬಿಡಬೇಡಿ. ದಕ್ಷಿಣ ಕೊರಿಯಾದಿಂದ ದಶಕಗಳ ಹಿಂದೆ ಬೇರೆ ದೇಶಗಳಿಗೆ ಹೋದ ಮಕ್ಕಳಲ್ಲಿ ಹಲವರ ದಾಖಲೆಗಳನ್ನು ತಿದ್ದಲಾಗಿತ್ತು, ಹೆತ್ತವರಿದ್ದವರನ್ನೂ ಅನಾಥರೆಂದು ಬರೆಯಲಾಗಿತ್ತು ಎಂದು ಅಲ್ಲಿನ ಸರ್ಕಾರಿ ಆಯೋಗವೇ 2025ರಲ್ಲಿ ಹೇಳಿತು. ಈಗ ಐವತ್ತು ದಾಟಿದವರೂ ಡಿಎನ್‌ಎ ಪರೀಕ್ಷೆ ಮಾಡಿಸಿ ತಮ್ಮವರನ್ನು ಹುಡುಕುತ್ತಿದ್ದಾರೆ. ನಿಮ್ಮ ಕೈಗೆ ಬಂದ ಪ್ರತಿ ಕಾಗದದ, ಅನುವಾದವಾಗದ ಮೂಲ ಪುಟಗಳದ್ದೂ ಸೇರಿ, ಎರಡೆರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಿ. ಆಯಾ ಹೇಳಿದ್ದನ್ನು ಅದೇ ದಿನ ಬರೆದಿಟ್ಟುಕೊಳ್ಳಿ. ಈ ಕಾಗದಗಳೆಲ್ಲ ಮಗುವಿನವು, ನೀವು ಸದ್ಯಕ್ಕೆ ಕಾಪಾಡುತ್ತಿದ್ದೀರಿ ಅಷ್ಟೇ. ಮಗು ಯಾವಾಗ ಕೇಳಿದರೂ ತೆಗೆದು ತೋರಿಸಿ. ಹುಡುಕಲು ಹೊರಟರೆ ನೀವೂ ಜೊತೆಗೆ ಹೋಗಿ.